ಅರ್ಜಿಯಲ್ಲಿ ಬರೆದ ಕಾರಣ

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಅಂದರೆ 43 ದಿನಗಳ ಕಾಲ, ಅಮೆರಿಕದ ಕೇಂದ್ರ ಸರ್ಕಾರದ ಅನೇಕ ಕಛೇರಿಗಳು ಬಾಗಿಲು ಹಾಕಿಕೊಂಡಿದ್ದ ಸಂಗತಿಯನ್ನು ನೀವೆಲ್ಲ ಪತ್ರಿಕೆಗಳಲ್ಲಿ ಓದಿರುತ್ತೀರಿ. ಆ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ದೂರವಾಣಿ ಮಾಡಿ, "ಮೇಷ್ಟ್ರೇ, ನಿಮ್ಮ ಅಳಿಯಂದಿರು ಅಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾರಲ್ಲವೆ? ಅವರಿಗೇನೂ ತೊಂದರೆಯಿಲ್ಲ ತಾನೆ?" ಎಂದು ವಿಚಾರಿಸಿದರು. ಅವರ ಅಂತಃಕರಣಕ್ಕೆ ನಾನು ಋಣಿ. ತೊಂದರೆಯಾಗಿತ್ತು, ಆದರೆ ತಡೆದುಕೊಂಡರು. ತಡೆದುಕೊಳ್ಳುವುದನ್ನು ಅವರು ಕಲಿತದ್ದು ಅದಕ್ಕೆ ಹಿಂದಿನ ಶಟ್‌ಡೌನಿನಲ್ಲಿ. ಆಗ ನಾನೂ ನನ್ನ ಪತ್ನಿಯೂ ಅದೇ ಮನೆಯಲ್ಲಿದ್ದೆವು. ಆ ಕಥೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಇತ್ತು. ಬರೆಯದಿರಲು ಕಾರಣವೂ ಇತ್ತು. ಅದೇನೆಂಬುದು ಮುಂದೆ ತಿಳಿಯುತ್ತದೆ.

ನಾವು ಮೇರಿಲ್ಯಾಂಡ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋದದ್ದು 2018ರ ನವೆಂಬರ್ ತಿಂಗಳಿನಲ್ಲಿ. ಅಳಿಯಂದಿರು ಅಲ್ಲಿಯ ಪೌರತ್ವ ಪಡೆದು, ಕೇಂದ್ರ ಸರ್ಕಾರದ ಒಂದು ವಿಜ್ಞಾನ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದವರು. ನಮ್ಮ ಕಡೆಯ ಬಂಧುಗಳೆಲ್ಲ "ಅಮೆರಿಕದಲ್ಲಿದ್ದೂ ಸರ್ಕಾರಿ ನೌಕರಿ" ಎಂದು ವಿಶೇಷ ಸಮಾಧಾನದಿಂದ ಹೇಳುತ್ತಿದ್ದರು. ಖಾಸಗಿ ಕಂಪನಿಯಾದರೆ ಇಂದು ಇಟ್ಟುಕೊಂಡು ನಾಳೆ ಕಳುಹಿಸಿಬಿಡಬಹುದು, ಸರ್ಕಾರದ ಸಂಬಳ ಕಲ್ಲಿನ ಮೇಲಿನ ಗೆರೆ ಎಂಬುದು ನಮ್ಮವರ ನಂಬಿಕೆ. ನನ್ನದೂ ಅದೇ ಆಗಿತ್ತು.

ಆ ಡಿಸೆಂಬರ್ 22ರಂದು ಸರ್ಕಾರ ಭಾಗಶಃ ನಿಂತಿತು. ಮೆಕ್ಸಿಕೊ ಗಡಿಯಲ್ಲಿ ಗೋಡೆ ಕಟ್ಟಲು ಹಣ ಬೇಕೆಂದು ಅಧ್ಯಕ್ಷ ಟ್ರಂಪ್ ಅವರ ಪಟ್ಟು, ಕೊಡುವುದಿಲ್ಲವೆಂದು ವಿರೋಧ ಪಕ್ಷದ ಪಟ್ಟು. ಇಬ್ಬರ ಹಟದ ನಡುವೆ ಸುಮಾರು 8 ಲಕ್ಷ ನೌಕರರ ಸಂಬಳ ನಿಂತುಹೋಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಮನೆಯಲ್ಲಿರಿ ಎಂದರು. ಉಳಿದವರನ್ನು, ವಿಮಾನಗಳ ಸಂಚಾರ ನಿಯಂತ್ರಿಸುವವರು, ಗಡಿ ಕಾಯುವವರು ಮುಂತಾದವರನ್ನು, ಸಂಬಳವಿಲ್ಲದೆಯೇ ಕೆಲಸಕ್ಕೆ ಬನ್ನಿ ಎಂದರು. ಅಳಿಯಂದಿರು ಮೊದಲನೆಯ ಗುಂಪಿಗೆ ಸೇರಿದವರು.

ಸರ್ಕಾರ ಹೀಗೆ ಬಾಗಿಲು ಹಾಕುವುದೆಂದರೇನು ಎಂದು ನನಗೂ ಮೊದಲು ಅರ್ಥವಾಗಲಿಲ್ಲ. ನಮ್ಮಲ್ಲಿ ಆಯವ್ಯಯ ತಡವಾದರೆ ಲೇಖಾನುದಾನ ಪಡೆದು ಖರ್ಚು ನಡೆಸುತ್ತಾರೆ. ಹಣಕಾಸಿನ ಮಸೂದೆಯೇ ಲೋಕಸಭೆಯಲ್ಲಿ ಬಿದ್ದರೆ ಮಂತ್ರಿಮಂಡಲ ಬೀಳುತ್ತದೆ, ಜವಾನನ ಸಂಬಳ ಬೀಳುವುದಿಲ್ಲ. ಅಲ್ಲಿ ಹಾಗಲ್ಲ. ಶಾಸನಸಭೆ ಹಣ ಮಂಜೂರು ಮಾಡದೆ ಯಾವ ಇಲಾಖೆಯೂ ಖರ್ಚು ಮಾಡಕೂಡದು ಎಂಬ 19ನೆಯ ಶತಮಾನದ ಕಾಯಿದೆಯೊಂದಿದೆ. ಬಹುಕಾಲ ಅದನ್ನು ಅಷ್ಟು ಬಿಗಿಯಾಗಿ ಯಾರೂ ಓದಿರಲಿಲ್ಲವಂತೆ. 1980ರಲ್ಲಿ ಅಟಾರ್ನಿ ಜನರಲ್ ಆಗಿದ್ದ ಬೆಂಜಮಿನ್ ಸಿವಿಲೆಟ್ಟಿ ಎಂಬವರು ಅದನ್ನು ಅಕ್ಷರಶಃ ಓದಿ, ಮಂಜೂರಾತಿ ಇಲ್ಲವೆಂದರೆ ಕೆಲಸ ನಿಲ್ಲಲೇಬೇಕು ಎಂದು ಅಭಿಪ್ರಾಯ ಕೊಟ್ಟರು. ಅಲ್ಲಿಂದೀಚೆಗೆ ಈ ಪದ್ಧತಿ. 1995-96ರಲ್ಲಿ 21 ದಿನ, 2013ರಲ್ಲಿ 16 ದಿನ, ನಾವು ಕಣ್ಣಾರೆ ಕಂಡದ್ದು 35 ದಿನ. ಅಷ್ಟು ದೀರ್ಘವಾದದ್ದು ಅದಕ್ಕೆ ಮೊದಲು ಇರಲಿಲ್ಲ.

ಮೊದಲ ವಾರ ಹಬ್ಬದ ರಜೆಯಂತೆಯೇ ಕಳೆಯಿತು. ವಾಷಿಂಗ್ಟನ್ನಿನ ವಿಮಾನ ಹಾಗೂ ಬಾಹ್ಯಾಕಾಶ ಸಂಗ್ರಹಾಲಯವನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆ. "ಚಳಿ ಸ್ವಲ್ಪ ಇಳಿಯಲಿ ಮಾವ, ಹೋಗೋಣ" ಎಂದರು ಅಳಿಯಂದಿರು. ಜನವರಿ 2ರಂದು ಅದೂ ಮುಚ್ಚಿತು. ಮನೆಯಲ್ಲಿ ಅವರು ಮೊಮ್ಮಗನೊಂದಿಗೆ ಚದುರಂಗ ಆಡುವರು, ಗ್ಯಾರೇಜನ್ನು ಅಚ್ಚುಕಟ್ಟು ಮಾಡುವರು, ಹಿತ್ತಲಿನ ಹಿಮ ಎತ್ತಿಹಾಕುವರು. ಕೆಲಸವಿಲ್ಲದ ಗಂಡಸು ಮನೆಯಲ್ಲಿ ಹೇಗೆ ಓಡಾಡುತ್ತಾನೆಂಬುದು ನನಗೆ ಗೊತ್ತು. ಯಾವ ಕೋಣೆಯಲ್ಲಿ ನಿಂತರೂ ಅಡ್ಡವಾಗಿ ನಿಂತಂತಿರುತ್ತದೆ.

ಜನವರಿ 11ರಂದು ಸಂಬಳದ ದಿನ. ಅಲ್ಲಿ ಎರಡು ವಾರಕ್ಕೊಮ್ಮೆ ಸಂಬಳ. ಚೀಟಿ ಗಣಕಯಂತ್ರದಲ್ಲಿ ಬಂದಿತು. ಕೊನೆಯ ಸಾಲಿನಲ್ಲಿ ಸೊನ್ನೆ, ಬಿಂದು, ಸೊನ್ನೆ, ಸೊನ್ನೆ. ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟ ನನಗೆ ಸೊನ್ನೆಯ ಬೆಲೆ ಅದರ ಸ್ಥಾನದಲ್ಲಿದೆ ಎಂದು ಗೊತ್ತು. ಆದರೆ ಆ ಸ್ಥಾನದಲ್ಲಿ ಅದನ್ನು ನಾನು ನೋಡಿದ್ದು ಅದು ಎರಡನೆಯ ಸಲ. ಮೊದಲನೆಯದನ್ನು ಈಗಲೇ ಹೇಳಿಬಿಟ್ಟರೆ ಕಥೆ ದಾರಿ ತಪ್ಪುತ್ತದೆ.

ಅವರು ಉಳಿತಾಯ ಮಾಡಿರಲಿಲ್ಲವೆ ಎಂದು ನೀವು ಕೇಳಬಹುದು. ಮಾಡಿದ್ದರು. ಆ ಉಳಿತಾಯ ಹೋಗಿದ್ದು ಎಲ್ಲಿಗೆ ಗೊತ್ತೆ? ನಮ್ಮಿಬ್ಬರ ವಿಮಾನದ ಟಿಕೆಟ್ಟಿಗೆ, ಅಲ್ಲಿ ನಮಗೆ ಕಾಯಿಲೆಯಾದರೆ ಎಂದು ಕೊಂಡ ಆರೋಗ್ಯ ವಿಮೆಗೆ, ನಮಗಾಗಿ ಕೆಳಗಿನ ಅಂತಸ್ತಿನಲ್ಲಿ ಕಟ್ಟಿಸಿದ ಸ್ನಾನದ ಮನೆಗೆ. ಮಗಳು ಹೇಳಲಿಲ್ಲ, ಅಳಿಯಂದಿರಂತೂ ಹೇಳುವವರೇ ಅಲ್ಲ. ನಾನೇ ಲೆಕ್ಕ ಹಾಕಿ ತಿಳಿದೆ. ಮನೆಸಾಲದ ಕಂತು, ಕಾರಿನ ಕಂತು, ಮಗುವಿನ ಶಾಲೆಯ ನಂತರದ ಪಾಲನೆಯ ಶುಲ್ಕ, ಇವೆಲ್ಲ ತಿಂಗಳ ಕೊನೆಗೆ ಬಂದು ನಿಲ್ಲುವವು. ಮಗಳಿಗೆ ಗ್ರಂಥಾಲಯದಲ್ಲಿ ಅರೆಹೊತ್ತಿನ ಕೆಲಸ, ಅದರ ಸಂಬಳ ದಿನಸಿಗೆ ಸಾಲುತ್ತಿತ್ತು.

ಮರುದಿನ ಶನಿವಾರ. ಬೆಳಗಿನ ಕಾಫಿಯ ಹೊತ್ತಿಗೆ ಅಳಿಯಂದಿರು ಮಗಳಿಗೆ ಹೇಳಿದರು: "ಟಿ.ಎಸ್.ಪಿ.ಯಿಂದ ಆರು ಸಾವಿರ ತೆಗೆದುಬಿಡೋಣ. ನಿನ್ನ ಸಹಿ ಬೇಕು."

ಮಗಳು ಲೋಟ ಕೆಳಗಿಟ್ಟು, "ನಾನು ಸಹಿ ಹಾಕುವುದಿಲ್ಲ" ಎಂದಳು.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಟಿ.ಎಸ್.ಪಿ. ಎಂದರೆ ಥ್ರಿಫ್ಟ್ ಸೇವಿಂಗ್ಸ್ ಪ್ಲ್ಯಾನ್. 1986ರ ಕಾಯಿದೆಯ ಮೂಲಕ ಬಂದದ್ದು, ಅಲ್ಲಿಯ ಕೇಂದ್ರ ನೌಕರರ ಭವಿಷ್ಯನಿಧಿ ಎನ್ನಬಹುದು. ನೌಕರ ಏನೂ ಕಟ್ಟದಿದ್ದರೂ ಸರ್ಕಾರ ಸಂಬಳದ ನೂರಕ್ಕೆ 1ರಷ್ಟನ್ನು ಅವನ ಖಾತೆಗೆ ಹಾಕುತ್ತದೆ. ಅವನು ನೂರಕ್ಕೆ 5 ಕಟ್ಟಿದರೆ ಸರ್ಕಾರ ಇನ್ನೂ 4 ಸೇರಿಸಿ ತನ್ನ ಪಾಲನ್ನೂ 5 ಮಾಡುತ್ತದೆ. ಆ ಹಣ ಸಾಲಪತ್ರಗಳಲ್ಲೋ ಷೇರುಗಳಲ್ಲೋ ಬೆಳೆಯುತ್ತಿರುತ್ತದೆ. ನಿವೃತ್ತಿಗೆ ಮೊದಲು ಅದನ್ನು ಮುಟ್ಟಲು ಸಾಮಾನ್ಯವಾಗಿ ಎರಡು ದಾರಿ. ಒಂದು ಸಾಲ, ಇನ್ನೊಂದು ಸಂಕಷ್ಟದ ಹಿಂಪಡೆತ. ಸಾಲವಾದರೆ ಮರಳಿ ಕಟ್ಟಬೇಕು, ಬಡ್ಡಿಯೂ ನಮ್ಮ ಖಾತೆಗೇ ಬರುತ್ತದೆ, ಅರ್ಜಿಗೆ ಆಗ 50 ಡಾಲರ್ ಶುಲ್ಕ. ಹಿಂಪಡೆತವಾದರೆ ಮರಳಿ ಕಟ್ಟುವ ಹಾಗೇ ಇಲ್ಲ. ಹೋದದ್ದು ಹೋಯಿತು.

ಆ ಹಿಂಪಡೆತದ ಅರ್ಜಿಯನ್ನು ಅಳಿಯಂದಿರು ನನಗೆ ತೋರಿಸಿದರು. ನಾಲ್ಕು ಕಾರಣಗಳಲ್ಲಿ ಒಂದನ್ನಾದರೂ ತೋರಿಸಬೇಕು. ವಿಮೆ ಕೊಡದಿರುವ ವೈದ್ಯಕೀಯ ವೆಚ್ಚ, ಬೆಂಕಿ ನೆರೆ ಮುಂತಾದವುಗಳಿಂದಾದ ನಷ್ಟ, ವಿವಾಹ ವಿಚ್ಛೇದನದ ವಕೀಲರ ವೆಚ್ಚ, ಇವು ಮೂರು. ನಾಲ್ಕನೆಯದನ್ನು ಓದಿ ನಾನು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದೆ. ತಿಂಗಳು ತಿಂಗಳೂ ಬರುವುದಕ್ಕಿಂತ ಹೋಗುವುದು ಹೆಚ್ಚಾಗಿದೆ ಎಂಬುದೇ ಒಂದು ಕಾರಣ. ಕೈಯಲ್ಲಿ ದುಡ್ಡಿಲ್ಲ ಎಂದು ಬರೆಯಲು ಒಂದು ಸರ್ಕಾರ ಅರ್ಜಿಯಲ್ಲಿ ಜಾಗ ಬಿಟ್ಟಿದೆ! ಆ ಕ್ಷಣದಲ್ಲಿ ನನಗೆ ಅದು ಬಹಳ ದೊಡ್ಡ ಸೌಜನ್ಯವಾಗಿ ಕಂಡಿತು. ಏಕೆಂಬುದನ್ನು ನನ್ನ ಪತ್ನಿ ಒಬ್ಬಳೇ ಬಲ್ಲಳು. ಆಕೆ ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದವಳು ತಿರುಗಿ ನನ್ನನ್ನು ನೋಡಿದಳು.

ಸೌಜನ್ಯವೇನೋ ಸರಿ, ಅದಕ್ಕೆ ತೆರುವ ಬೆಲೆ ಕಡಿಮೆಯದಲ್ಲ. ನಾನು ಮೊಮ್ಮಗನ ನೋಟ್‌ಬುಕ್ಕಿನಿಂದ ಒಂದು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆ. ಅಳಿಯಂದಿರಿಗೆ ಆಗ 44 ವರ್ಷ. 59 ವರ್ಷ 6 ತಿಂಗಳು ತುಂಬುವ ಮೊದಲು ಹೀಗೆ ತೆಗೆದರೆ ನೂರಕ್ಕೆ 10 ದಂಡದ ತೆರಿಗೆ. ತೆಗೆದ ಹಣ ಆ ವರ್ಷದ ವರಮಾನಕ್ಕೆ ಸೇರುವುದರಿಂದ ಅವರ ಮಟ್ಟಕ್ಕೆ ನೂರಕ್ಕೆ 22 ಆದಾಯ ತೆರಿಗೆ. ರಾಜ್ಯದ ತೆರಿಗೆ ಬೇರೆ, ಅದನ್ನು ಬಿಟ್ಟೆ. 100ರಲ್ಲಿ 32 ಹೋದರೆ ಕೈಗೆ 68. ಆರು ಸಾವಿರ ಕೈಗೆ ಉಳಿಯಬೇಕಾದರೆ 8,824 ಡಾಲರ್ ತೆಗೆಯಬೇಕು. ಅಲ್ಲಿಗೆ ಮುಗಿಯಲಿಲ್ಲ. ಅಂದಿನ ನಿಯಮದಂತೆ ಹೀಗೆ ತೆಗೆದವನು ಮುಂದಿನ ಆರು ತಿಂಗಳು ಖಾತೆಗೆ ಏನೂ ಕಟ್ಟುವ ಹಾಗಿಲ್ಲ. ಅವನು ಕಟ್ಟದಿದ್ದರೆ ಸರ್ಕಾರದ ನೂರಕ್ಕೆ 4ರ ಪಾಲೂ ಇಲ್ಲ. ವರ್ಷಕ್ಕೆ 90,000 ಡಾಲರ್ ಸಂಬಳವೆಂದಿಟ್ಟುಕೊಂಡರೆ ಅದು 1,800 ಡಾಲರ್. ಇನ್ನು ಆ 8,824 ಡಾಲರ್ ಅಲ್ಲೇ ಇದ್ದು, ವರ್ಷಕ್ಕೆ ನೂರಕ್ಕೆ 6ರಂತೆ ಬೆಳೆದಿದ್ದರೆ, 62ನೆಯ ವಯಸ್ಸಿಗೆ 25,000 ದಾಟುತ್ತದೆ. ಚಕ್ರಬಡ್ಡಿಯ ಪಾಠವನ್ನು ನನ್ನಿಂದ ಕೇಳಿದವರು ಬೇಕಾದರೆ ತಾಳೆ ನೋಡಿಕೊಳ್ಳಿ. ಯಾರಾದರೂ ತಪ್ಪು ಹುಡುಕಿದರೆ ಸಂತೋಷವೇ.

ಆರು ಸಾವಿರಕ್ಕಾಗಿ ಇಪ್ಪತ್ತೈದು ಸಾವಿರ. ಅದೂ ತಾನು ಮಾಡದ ತಪ್ಪಿಗೆ. ಸಂಬಳ ನಿಲ್ಲಿಸಿದ್ದೂ ಸರ್ಕಾರ, ಸಂಬಳವಿಲ್ಲವೆಂದು ತನ್ನ ಹಣವನ್ನು ತಾನು ತೆಗೆದರೆ ದಂಡ ಹಾಕುವುದೂ ಸರ್ಕಾರ. ಇದನ್ನು ಹಲವರು ಅಂದೇ ಗಮನಿಸಿದ್ದರು. ಶಟ್‌ಡೌನಿನಿಂದ ಸಂಬಳ ತಪ್ಪಿದವರಿಗೆ ಈ ದಂಡ ಬೇಡ, ತೆಗೆದದ್ದನ್ನು ಮರಳಿ ಕಟ್ಟಲೂ ಬಿಡಿ ಎಂದು 2019ರಲ್ಲಿ ಅಲ್ಲಿಯ ಶಾಸನಸಭೆಯಲ್ಲಿ ಮಸೂದೆ ಬಂದಿತು. ಕಾಯಿದೆಯಾಗಲಿಲ್ಲ. ಮುಂದೆ 2020ರಲ್ಲಿ ಕೋವಿಡ್ ಬಂದಾಗ ಅದೇ ದೇಶ ಒಂದು ಲಕ್ಷ ಡಾಲರಿನವರೆಗೆ ದಂಡವಿಲ್ಲದೆ ತೆಗೆಯಲು ಅವಕಾಶ ಕೊಟ್ಟಿತು, ಮೂರು ವರ್ಷಗಳೊಳಗೆ ಮರಳಿ ಕಟ್ಟಬಹುದೆಂದೂ ಹೇಳಿತು. ರೋಗಾಣುವಿನಿಂದ ಸಂಬಳ ನಿಂತರೆ ಕರುಣೆ, ತನ್ನ ಹಟದಿಂದ ನಿಂತರೆ ದಂಡ. ಇದರ ತರ್ಕ ನನಗೆ ಇಂದಿಗೂ ಹಿಡಿದಿಲ್ಲ.

ಆದರೂ ದಂಡ ತೆಗೆದುಹಾಕಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳಲಾರೆ. ನಮ್ಮೂರಿನಲ್ಲಿ ಬಿತ್ತನೆಯ ರಾಗಿಯನ್ನು ಬೇರೆ ಗುಡಾಣದಲ್ಲಿ ತುಂಬಿ ಬಾಯಿಗೆ ಸಗಣಿ ಸಾರಿಸಿಡುತ್ತಿದ್ದರು. 1960ರ ದಶಕದ ಬರಗಾಲದಲ್ಲಿ, ನಾನಿನ್ನೂ ಹುಡುಗ, ಮನೆಯಲ್ಲಿ ಊಟದ ರಾಗಿ ಮುಗಿದಾಗ ನಮ್ಮ ತಾಯಿ ಆ ಗುಡಾಣದ ಮುಂದೆ ಕುಳಿತುಬಿಟ್ಟಿದ್ದರು. ತೆಗೆಯಲಿಲ್ಲ. ಅಕ್ಕಪಕ್ಕದ ಮನೆಯಿಂದ ಎರಡು ಸೇರು ಕಡ ತಂದರು. ಕಡ ಕೊಡುವ ನೆರೆಯವರಿದ್ದರು, ಆದ್ದರಿಂದ ಬೀಜ ಉಳಿಯಿತು. ನೆರೆಯವರಿಲ್ಲದಿದ್ದರೆ ಆ ತಾಯಿಯೂ ಅದನ್ನು ಬೀಸುತ್ತಿದ್ದರು, ಯಾರೂ ತಪ್ಪೆನ್ನುತ್ತಿರಲಿಲ್ಲ. ಬೀಜ ತಿಂದವನಿಗೆ ದಂಡ ಹಾಕುವುದು ಅನ್ಯಾಯವೇ, ಆದರೆ ದಂಡವಿಲ್ಲದೆ ತಿಂದರೂ ಮುಂದಿನ ಮಳೆಗೆ ಬಿತ್ತಲು ಇರುವುದಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ಅಂದು ಮಗಳು ಸಹಿ ಹಾಕುವುದಿಲ್ಲವೆಂದಳಲ್ಲ, ಅಲ್ಲಿಗೆ ಬರುತ್ತೇನೆ. ಅಲ್ಲಿಯ ನಿಯಮದ ಪ್ರಕಾರ ವಿವಾಹಿತ ನೌಕರ ಆ ಖಾತೆಯಿಂದ ಸಾಲ ತೆಗೆಯಲಿ, ಹಣ ಹಿಂಪಡೆಯಲಿ, ಹೆಂಡತಿಯ ಅಥವಾ ಗಂಡನ ಒಪ್ಪಿಗೆಯ ಸಹಿ ಬೇಕು. ಆ ಹಣ ಇಬ್ಬರ ಮುಪ್ಪಿನದು ಎಂಬುದು ಅವರ ಲೆಕ್ಕ. ಅಳಿಯಂದಿರಿಗೆ ಅಂದು ಕೋಪ ಬಂದದ್ದನ್ನು ನಾನು ಮೊದಲ ಬಾರಿಗೆ ಕಂಡೆ. ಕೂಗಲಿಲ್ಲ. "ಹಾಗಾದರೆ ಕಂತು ಕಟ್ಟುವುದು ಯಾವುದರಿಂದ, ಹೇಳು. ದುಡಿದು ಹಾಕಿದವನು ನಾನು" ಎಂದರು. ಮಗಳು, "ಹಾಗೆಂದು ಬೇರೆಯವರ ಮುಂದೆ ಹೇಳಿಬಿಟ್ಟಿರಲ್ಲ" ಎಂದಳು. ಬೇರೆಯವರೆಂದರೆ ನಾವಿಬ್ಬರು.

ನಾನು ಮಧ್ಯೆ ಬಾಯಿ ಹಾಕಿದೆ. ನನ್ನ ಪಿಂಚಣಿ ತಿಂಗಳು ತಿಂಗಳೂ ತಪ್ಪದೆ ಬ್ಯಾಂಕಿಗೆ ಬರುತ್ತಿದೆ, ಅದರಿಂದ ಕಳುಹಿಸುತ್ತೇನೆ ಎಂದೆ. ಅಮೆರಿಕದ ಸರ್ಕಾರದ ನೌಕರನಿಗೆ ಸಂಬಳವಿಲ್ಲದಾಗ ಕರ್ನಾಟಕದ ಹಳ್ಳಿಯ ಮೇಷ್ಟರಿಗೆ ಪಿಂಚಣಿ ಬಂದಿತ್ತೆಂಬುದನ್ನು ಬಂಧುಗಳು ದಯವಿಟ್ಟು ಗಮನಿಸಬೇಕು! ಅಳಿಯಂದಿರು ನಕ್ಕು, "ಬೇಡ ಮಾವ, ನೀವು ಬಂದಿರುವುದೇ ಸಾಕು" ಎಂದರು. ಆ ಮಾತಿನ ಇನ್ನೊಂದು ಅರ್ಥ ಅವರ ಮನಸ್ಸಿನಲ್ಲಿರಲಿಲ್ಲ, ನನಗೆ ಮಾತ್ರ ಕೇಳಿಸಿತು.

ಆಗ ನನ್ನ ಪತ್ನಿ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಮೇಜಿನ ಬಳಿ ಕುಳಿತಳು. "ನಿಮ್ಮ ಮಾವನವರು ನನಗೆ ಕಾಯಿಲೆ ಬರಿಸಿದ ಕಥೆ ಹೇಳಲೇ?" ಎಂದಳು.

ಮೂವತ್ತೇಳು ವರ್ಷ ನಮ್ಮಿಬ್ಬರ ನಡುವೆಯೇ ಇದ್ದ ಕಥೆ ಅದು. 1982ರಲ್ಲಿ ನಾನು ಒಂದು ಅನುದಾನಿತ ಪ್ರೌಢಶಾಲೆಯಲ್ಲಿದ್ದೆ. ಶಾಲೆಯ ಹೆಸರು ಹೇಳುವುದಿಲ್ಲ, ಅಲ್ಲಿ ಓದಿದವರಿಗೆ ಹೇಳಬೇಕಾಗಿಯೂ ಇಲ್ಲ. ಯಾವುದೋ ನೇಮಕದ ವಿಚಾರದಲ್ಲಿ ಆಡಳಿತ ಮಂಡಳಿಗೂ ಇಲಾಖೆಗೂ ಜಗಳ ಬಂದು ಅನುದಾನ ನಿಂತಿತು. ಐದು ತಿಂಗಳು ನಮಗಾರಿಗೂ ಸಂಬಳವಿಲ್ಲ. ಶಾಲೆ ಮಾತ್ರ ದಿನವೂ ನಡೆಯಿತು. ಮೇಷ್ಟರ ಮನೆಯಲ್ಲಿ ಒಲೆ ಉರಿಯುತ್ತಿದೆಯೋ ಇಲ್ಲವೋ ಎಂದು ಯಾವ ವಿದ್ಯಾರ್ಥಿಗೂ ತಿಳಿಯದ ಹಾಗೆ ನಡೆಯಿತು. ನನಗೆ ಆಗ ಸಂಬಳ ಸುಮಾರು 700 ರೂಪಾಯಿ. ಮಗಳಿಗೆ ಎರಡು ವರ್ಷ. ಮೂರನೆಯ ತಿಂಗಳಿಗೆ ದಿನಸಿ ಅಂಗಡಿಯ ಶೆಟ್ಟರು ಲೆಕ್ಕದ ಪುಸ್ತಕವನ್ನು ನನ್ನ ಮುಂದೆ ತೆರೆದು, ಏನೂ ಹೇಳದೆ, ಮತ್ತೆ ಮುಚ್ಚಿದರು. ಹಾಲಿನವಳು ಮಾತ್ರ ಹೇಳಿಯೇ ನಿಲ್ಲಿಸಿದಳು.

ಭವಿಷ್ಯನಿಧಿಯಲ್ಲಿ 4,000 ರೂಪಾಯಿಯಷ್ಟಿತ್ತು. ಮುಂಗಡಕ್ಕೆ ಅರ್ಜಿ ತರಿಸಿದೆ. ಅದರಲ್ಲಿ ಕಾರಣ ಎಂಬ ಕಾಲಂ. ಕಾಯಿಲೆ, ಮಕ್ಕಳ ವಿದ್ಯಾಭ್ಯಾಸ, ಮದುವೆ, ಉತ್ತರಕ್ರಿಯೆ, ಇಂಥವು ನಡೆಯುತ್ತವೆ. ಸಂಬಳ ಬಂದಿಲ್ಲ ಎಂಬುದು ನಡೆಯುವುದಿಲ್ಲ. ಸಂಬಳ ಬರುತ್ತದೆ ಎಂಬ ನಂಬಿಕೆಯ ಮೇಲೆಯೇ ಆ ಅರ್ಜಿ ಅಚ್ಚಾಗಿತ್ತು. ಹಿರಿಯ ಸಹೋದ್ಯೋಗಿಯೊಬ್ಬರು, "ಕಾಯಿಲೆ ಅಂತ ಬರೀರಿ ಮೇಷ್ಟ್ರೇ, ಎಲ್ಲರೂ ಹಾಗೇ ಬರೆಯೋದು" ಎಂದರು. ನನಗೆ ಕಾಯಿಲೆಯೆಂದರೆ ನಾನು ದಿನವೂ ಪಾಠ ಮಾಡುತ್ತಿದ್ದೇನೆ. ಮಗುವಿಗೆ ಎಂದು ಬರೆಯಲು ಕೈ ಬರಲಿಲ್ಲ. ಹೆಂಡತಿಗೆ ಎಂದು ಬರೆದೆ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ತವರಿನ ಬಳೆ ಬಿಚ್ಚಿಕೊಡುತ್ತಾಳೆಂದು ಗೊತ್ತಿತ್ತು, ಮಾವನವರ ಮುಂದೆ ತಲೆ ತಗ್ಗಿಸಲು ನನಗೆ ಇಷ್ಟವಿರಲಿಲ್ಲ. ಇದನ್ನು ಅಭಿಮಾನ ಎಂದುಕೊಂಡಿದ್ದೆ.

1,800 ರೂಪಾಯಿ ಮಂಜೂರಾಯಿತು, ತಿಂಗಳಿಗೆ 75ರಂತೆ 24 ಕಂತು. ಮಂಜೂರಾತಿ ಪತ್ರವನ್ನು ಶಾಲೆಯ ಜವಾನ, ನಾನು ತರಗತಿಯಲ್ಲಿದ್ದಾಗ, ಮನೆಗೇ ತಲುಪಿಸಿಬಿಟ್ಟ. ತಲುಪಿಸಿದ್ದಲ್ಲದೆ, "ಅಮ್ಮಾವ್ರೇ, ಈಗ ಹೇಗಿದೆ ಮೈಯಿ? ಹುಷಾರಾಗಿರಿ" ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದನಂತೆ. ಅವನ ಕರುಣೆಯಿಂದ ಇವಳಿಗೆ ತನ್ನ ದೀರ್ಘಕಾಲದ ಕಾಯಿಲೆಯ ವಿಷಯ ತಿಳಿಯಿತು. ಮೂರು ದಿನ ಮಾತನಾಡಲಿಲ್ಲ. ನಾಲ್ಕನೆಯ ದಿನ ಒಂದೇ ಮಾತು ಕೇಳಿದಳು: "ನನ್ನನ್ನು ಕೇಳಿದ್ದರೆ ಏನಾಗುತ್ತಿತ್ತು?"

ಇಷ್ಟೇ ಆಗಿದ್ದರೆ ನಗುವ ಕಥೆಯಾಗುತ್ತಿತ್ತು. 1983ರ ಕೊನೆಯಲ್ಲಿ ಅವಳಿಗೆ ನಿಜವಾಗಿಯೇ ಕಾಯಿಲೆಯಾಯಿತು. ಶಸ್ತ್ರಚಿಕಿತ್ಸೆ ಆಗಲೇಬೇಕೆಂದರು. ಮತ್ತೆ ಅರ್ಜಿ ತೆಗೆದುಕೊಂಡು ಹೋದೆ. ಗುಮಾಸ್ತರು ಹಳೆಯ ಕಡತ ತೆಗೆದು, ಹಿಂದಿನ ಮುಂಗಡ ಇನ್ನೂ ತೀರಿಲ್ಲ, ಇದೇ ರೋಗಿಗೆ ಇದೇ ಕಾರಣಕ್ಕೆ ಆಗಲೇ ಕೊಟ್ಟಿದೆಯಲ್ಲ ಎಂದರು. ಅವರ ತಪ್ಪಿಲ್ಲ. ಕಡತದಲ್ಲಿದ್ದದ್ದು ನನ್ನ ಅಕ್ಷರವೇ. ಮಾರಬಾರದೆಂದು ನಾನು ಸುಳ್ಳು ಬರೆದು ಉಳಿಸಿದ್ದ ಬಳೆಗಳು ಅಂದು ಸಂಜೆ ಚಿನ್ನದ ಅಂಗಡಿಗೆ ಹೋದವು. ಹದಿನಾರು ದಿನ ಆಸ್ಪತ್ರೆಯಲ್ಲಿದ್ದಳು. ಆ ಹದಿನಾರು ರಾತ್ರಿ ನಾನು ಏನೇನು ಅಂದುಕೊಂಡೆನೆಂಬುದನ್ನು ಬರೆಯುವುದಿಲ್ಲ. ನಾನು ಶಕುನ ನಂಬುವವನಲ್ಲ ಎಂದು ನಿಮಗೆ ತರಗತಿಯಲ್ಲಿ ಬಹಳ ಸಲ ಹೇಳಿದ್ದೇನೆ.

ಇದನ್ನು ಅವಳು ಮೇರಿಲ್ಯಾಂಡಿನ ಆ ಅಡುಗೆಮನೆಯಲ್ಲಿ, ಯಾರನ್ನೂ ದೂರದೆ, ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ಮಗಳು ನನ್ನನ್ನು ನೋಡಲಿಲ್ಲ. ಅಳಿಯಂದಿರು ಅರ್ಜಿಯನ್ನು ಮಡಚಿ, "ಇಲ್ಲಿ ಅತ್ತೆಯವರನ್ನು ಕೇಳದೆ ಮಾವನವರಿಗೆ ಕೊಡುತ್ತಿರಲಿಲ್ಲ" ಎಂದರು. ಆಮೇಲೆ ಗಂಡಹೆಂಡತಿ ಮೇಲಿನ ಕೋಣೆಗೆ ಹೋದರು. ಒಂದು ಗಂಟೆಯ ನಂತರ ಇಳಿದುಬಂದಾಗ ಒಂದು ತೀರ್ಮಾನಕ್ಕೆ ಬಂದಿದ್ದರು. ಹಿಂಪಡೆತ ಬೇಡ. ಮನೆಸಾಲ ಕೊಟ್ಟವರಿಗೆ ಮಗಳೇ ಫೋನು ಮಾಡಿ ಒಂದು ಕಂತು ಮುಂದಕ್ಕೆ ಹಾಕಿಸಿದಳು. ಉಳಿದದ್ದಕ್ಕೆ ಟಿ.ಎಸ್.ಪಿ.ಯಿಂದ 4,000 ಡಾಲರ್ ಸಾಲ, ಇಬ್ಬರ ಸಹಿಯೊಂದಿಗೆ.

ಜನವರಿ 16ರಂದು, ನಿಂತ ಸಂಬಳವನ್ನು ಆಮೇಲೆ ಕೊಟ್ಟೇ ಕೊಡಬೇಕೆಂಬ ಕಾಯಿದೆಗೆ ಅಧ್ಯಕ್ಷರ ಸಹಿ ಬಿತ್ತು. ಅದೇ ದಿನ ವಾಷಿಂಗ್ಟನ್ನಿನಲ್ಲಿ ಹೋಸೆ ಆಂಡ್ರೆಸ್ ಎಂಬ ಪ್ರಸಿದ್ಧ ಬಾಣಸಿಗರು ಸಂಬಳವಿಲ್ಲದ ನೌಕರರಿಗಾಗಿ ಉಚಿತ ಊಟದ ಅಡುಗೆಮನೆ ತೆರೆದರು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿ ಸಿಖ್ಖರ ಗುರುದ್ವಾರ ಇಂಥ ನೌಕರರಿಗೆ ಊಟ ಬಡಿಸಿತೆಂದು ಓದಿ ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಜನವರಿ 25ರಂದು ಸಿಬ್ಬಂದಿಯ ಕೊರತೆಯಿಂದ ನ್ಯೂಯಾರ್ಕಿನ ಲಗಾರ್ಡಿಯ ನಿಲ್ದಾಣದಲ್ಲಿ ವಿಮಾನಗಳು ತಡವಾಗತೊಡಗಿದವು. ಸಂಜೆಯೊಳಗೆ ಶಟ್‌ಡೌನ್ ಮುಗಿಯಿತು. ಮೂವತ್ತೈದು ದಿನ ಯಾರ ಮನೆಯ ಕಷ್ಟದಿಂದಲೂ ಬಗೆಹರಿಯದ್ದು ಒಂದು ಬೆಳಗಿನ ವಿಮಾನ ತಡವಾದದ್ದರಿಂದ ಬಗೆಹರಿಯಿತೆಂದು ಹೇಳಿದರೆ ಅತಿಶಯೋಕ್ತಿಯಾಗಬಹುದು, ಬಹಳ ದೊಡ್ಡ ಅತಿಶಯೋಕ್ತಿಯೇನಲ್ಲ. ಸಾಲದ ಹಣ ಕೈಗೆ ಬಂದದ್ದು ಅದಾದ ಮೇಲೆ! ಹಿಂದೆಯೇ ನಿಂತ ಸಂಬಳವೂ ಬಂದಿತು. ಸಾಲವನ್ನು ಒಂದೇ ಕಂತಿನಲ್ಲಿ ತೀರಿಸಿದರು. ಸಂಗ್ರಹಾಲಯ 29ರಂದು ತೆರೆಯಿತು. ಫೆಬ್ರವರಿಯಲ್ಲಿ ಹೋಗಿ ರೈಟ್ ಸಹೋದರರ ವಿಮಾನ ನೋಡಿಬಂದೆವು. ಅದರ ವಿಚಾರ ಇನ್ನೊಮ್ಮೆ ಬರೆಯುತ್ತೇನೆ.

ಅಳಿಯಂದಿರ ಕಛೇರಿಯನ್ನು ಗುಡಿಸಿ ಒರೆಸುತ್ತಿದ್ದ ಹೆಂಗಸೊಬ್ಬಳಿದ್ದಳು. ಗುತ್ತಿಗೆಯವರ ಕಡೆಯವಳು. ಅವಳಿಗೆ ಆ ಐದು ವಾರದ ಕೂಲಿ ಆಮೇಲೂ ಬರಲಿಲ್ಲ. ನಿಂತ ಸಂಬಳ ಕೊಡುವ ಕಾಯಿದೆ ಗುತ್ತಿಗೆಯವರಿಗೆ ಅನ್ವಯಿಸುವುದಿಲ್ಲ. ಅವಳಿಗೆ ಟಿ.ಎಸ್.ಪಿ.ಯೂ ಇಲ್ಲ, ಆದ್ದರಿಂದ ದಂಡದ ಪ್ರಶ್ನೆಯೂ ಇಲ್ಲ. ಅಳಿಯಂದಿರು ಸಹೋದ್ಯೋಗಿಗಳಿಂದ ಸ್ವಲ್ಪ ಹಣ ಕೂಡಿಸಿ ಕೊಟ್ಟರಂತೆ.

ನಮ್ಮಲ್ಲಿಯೂ 2020ರ ಲಾಕ್‌ಡೌನಿನಲ್ಲಿ ಇದೇ ಬಂದಿತಲ್ಲ. ಆ ಮಾರ್ಚ್ ಕೊನೆಯಲ್ಲಿ ಇ.ಪಿ.ಎಫ್. ಸದಸ್ಯರು ಮೂರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಅಥವಾ ಖಾತೆಯಲ್ಲಿರುವುದರ ನೂರಕ್ಕೆ 75, ಇವೆರಡರಲ್ಲಿ ಕಡಿಮೆಯಾದದ್ದನ್ನು ಮುಂಗಡವಾಗಿ ತೆಗೆಯಬಹುದು, ಮರಳಿ ಕಟ್ಟಬೇಕಿಲ್ಲ ಎಂದು ನಿಯಮ ಮಾಡಿದರು. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿ, "ಸಾರ್, ಕಾರಣ ಅನ್ನೋ ಕಡೆ ಏನು ಹಾಕಲಿ?" ಎಂದು ಕೇಳಿದಳು. ಮಹಾಮಾರಿ ಎಂಬ ಕಾರಣವನ್ನು ಆಗ ಅಲ್ಲಿಯೇ ಕೊಟ್ಟಿದ್ದರು, ಆರಿಸಿದರೆ ಸಾಕು. "ಇರುವುದನ್ನೇ ಹಾಕಮ್ಮ" ಎಂದೆ. ಆಮೇಲೆ, "ಮನೆಯವರಿಗೆ ಹೇಳಿದ್ದೀಯಾ?" ಎಂದೂ ಕೇಳಿದೆ. ಅವಳಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು.

2025ರ ಶಟ್‌ಡೌನ್ ಬಂದಾಗ ಮಗಳ ಮನೆಯಲ್ಲಿ ಮೂರು ತಿಂಗಳ ಖರ್ಚಿನ ಹಣ ಬೇರೆ ಖಾತೆಯಲ್ಲಿತ್ತು. ಆರು ತಿಂಗಳು ಕಟ್ಟಬಾರದೆಂಬ ನಿಯಮವನ್ನು 2019ರ ಸೆಪ್ಟೆಂಬರಿನಲ್ಲಿಯೇ ತೆಗೆದುಹಾಕಿದ್ದರು, ದಂಡ ಹಾಗೆಯೇ ಇತ್ತು. ಈ ಸಲ ಅವರು ಭವಿಷ್ಯದ ಹಣವನ್ನು ಮುಟ್ಟಲಿಲ್ಲ. ನಮ್ಮನ್ನು ಬರುವ ವರ್ಷ ಮತ್ತೆ ಬನ್ನಿ ಎಂದಿದ್ದಾರೆ. ಟಿಕೆಟ್ಟಿನ ಹಣ ನನ್ನದೇ ಎಂಬ ಷರತ್ತಿನ ಮೇಲೆ ಯೋಚಿಸುತ್ತೇನೆ ಎಂದಿದ್ದೇನೆ.

ಇದನ್ನು ನಿಮ್ಮ ಮುಂದಿಡುವ ಮೊದಲು, ಈ ಸಲವಾದರೂ ಕೇಳಬೇಕೆಂದು, ಪತ್ನಿಯನ್ನು ಕೂರಿಸಿ ಪೂರ್ತಿ ಓದಿ ಹೇಳಿದೆ. ಹೂ ಕಟ್ಟುತ್ತಾ ಕೇಳಿದಳು. ಹಾಕಬಹುದೆ ಎಂದೆ. "ಹಾಕಿ. ಆದರೆ ಬಳೆಗಳೆಲ್ಲ ಹೋದವು ಅನ್ನೋ ಹಾಗೆ ಬರೆದಿದ್ದೀರಿ. ನಾಲ್ಕರಲ್ಲಿ ಹೋಗಿದ್ದು ಎರಡು. ಇನ್ನೆರಡನ್ನ ನಾನು ಆಸ್ಪತ್ರೆಗೆ ಹೋಗುವಾಗ ಪಕ್ಕದ ಮನೆಯವರ ಹತ್ತಿರ ಕೊಟ್ಟಿದ್ದೆ, ನಿಮಗೆ ಹೇಳಿರಲಿಲ್ಲ. ಅವು ಮಗಳ ಮದುವೆಗೆ ಎಲ್ಲಿಂದ ಬಂದವು ಅಂತ ನೀವೂ ಕೇಳಲಿಲ್ಲ" ಎಂದಳು.